ಮರ ಬೇಡದ ದಿಣ್ಣೆ

ನಗರಗೆರೆ
೮ ಜೂನ್ ೨೦೦೮

ಗೌತಮಿ ಅಕ್ಕನಿಗೆ ನಮಸ್ಕಾರ.

ಕೆಂಚಾರ್ಲಹಳ್ಳಿಯಲ್ಲಿ ಈಗ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು, ನಿನಗೆ ಉಣ್ಣಲೂ ಬಿಡುವಿರದು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದಿದ್ದುದಕ್ಕೆ ಬೈಯಬೇಡ. ಒಳ್ಳೆಯ ಸುದ್ದಿ ಸಿಕ್ಕಲಿ ಎಂದು ಕಾದೆ. ಸಿಕ್ಕಲಿಲ್ಲ.

ನಮ್ಮ ಗೋಮಾಳದ ದಿಣ್ಣೆಯಲ್ಲಿ ನಾಳೆ ಸಸಿ ನೆಡುತ್ತಾರೆ. ಗುಂಡಿ ತೆಗೆಯಲು ಜೆಸಿಬಿ ಬಂದು ನಿಂತಿದೆ. ಎಲ್ಲರ ಕಣ್ಣಿಗೂ ಅದು ಬೋಳು ನೆಲ. ನೆಲಗುಬ್ಬಿ, ಟಿಟ್ಟಿಭ, ಗೌಜಲಕ್ಕಿ ಮೊಟ್ಟೆಯಿಡುವುದು ಆ ಬೋಳು ನೆಲದ ಮೇಲೆಯೇ. ಸುತ್ತಲ ದಿಣ್ಣೆಗಳೆಲ್ಲ ನೀಲಗಿರಿ ತೋಪಾದವು; ಆ ಹಕ್ಕಿಗಳಿಗೆ ಉಳಿದಿರುವುದು ಇದೊಂದೇ. ಕಾಡು ಕಡಿದರೆ ಅಳಲು ಜನವಿದ್ದಾರೆ, ಬಯಲು ಹೋದರೆ ಯಾರೂ ಇಲ್ಲ.

ಅರ್ಜಿ ಹಿಡಿದು ಚಿಕ್ಕಬಳ್ಳಾಪುರಕ್ಕೂ ಹೋಗಿದ್ದೆ. ಕಚೇರಿಯ ಸಾಹೇಬರು ಕನ್ನಡಕ ತೆಗೆದು ನೋಡಿದರು. "ಮರ ಕಡೀಬೇಡಿ ಅಂತ ಬರೋರನ್ನ ನೋಡಿದೀನಿ ಕಣಮ್ಮ. ನೆಡಬೇಡಿ ಅಂತ ಬಂದೋಳು ನೀನೊಬ್ಳೇ" ಎಂದರು. ಊರಲ್ಲಿ ಪಂಚಾಯ್ತಿ ಮೆಂಬರ್ ಮುನಿಗಂಗಪ್ಪ ಅಂಗಡಿ ಮುಂದೆ ಅಪ್ಪನನ್ನು ತಡೆದು, "ಏನ್ ಚೆನ್ನರಾಯಪ್ಪ, ನಿನ್ ಮಗಳು ನೆರಳಿನ ಮೇಲೂ ಕೇಸ್ ಹಾಕ್ತಾಳಂತೆ?" ಎಂದು ಎಲ್ಲರನ್ನೂ ನಗಿಸಿದ. ಅಪ್ಪನೂ ನಕ್ಕ. ಮನೆಗೆ ಬಂದವನೇ ಹಕ್ಕಿಗಳ ಬಗ್ಗೆ ನಾನು ಕೂಡಿಟ್ಟ ಕಿರುಹೊತ್ತಿಗೆಗಳನ್ನೆಲ್ಲ ತಂದು ಒಲೆಯ ಪಕ್ಕ ಇಟ್ಟ. ಒಳಗೆ ಹಾಕಲಿಲ್ಲ, ಅಷ್ಟೇ.

ಬೆಳಿಗ್ಗೆ ಜೆಸಿಬಿ ಮುಂದೆ ಕೂರುತ್ತೇನೆ. ಜೊತೆಗೆ ಯಾರೂ ಬರುವುದಿಲ್ಲ. ಎತ್ತಿ ಪಕ್ಕಕ್ಕೆ ಕೂರಿಸುತ್ತಾರೆಂದು ಗೊತ್ತು. ಆದರೂ ಮನೆಯಲ್ಲಿದ್ದು ಆ ಸದ್ದು ಕೇಳಲಾರೆ.

ಭಾವನಿಗೆ ನಮಸ್ಕಾರ ಹೇಳು. ಮಗು ಗಟ್ಟಿಮುಟ್ಟಾಗಿ ಬೆಳೆಯಲಿ.

ನಿನ್ನ ತಂಗಿ,
ತನುಜ

ತಾ.ಕ.: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ದಿಣ್ಣೆಗೆ ಮರ ಬೇಕೆಂದು ಪಂಚಾಯ್ತಿಯಲ್ಲಿ ಮೊದಲು ಕೇಳಿದ್ದು ಅಮ್ಮ. ಹೋದ ಬೇಸಿಗೆಯಲ್ಲಿ ನಮ್ಮ ಜಗನ್ ಕುರಿ ಹಿಂದೆ ಹೋಗಿ ಬಿಸಿಲು ಬಡಿದು ಅಲ್ಲೇ ಸತ್ತನಲ್ಲ, ಒಂದು ನೆರಳಿದ್ದಿದ್ದರೆ ಮಗ ಉಳಿಯುತ್ತಿದ್ದ ಎನ್ನುತ್ತಾಳೆ. ನಿನ್ನೆ ಬಂದು ನನ್ನ ಪಕ್ಕ ಕೂತಳು. "ತೋಪು ಬೇಡ ಅಂತ ನಾನೇ ಪಂಚಾಯ್ತೀಲಿ ಹೇಳ್ತೀನಿ ಬಿಡಮ್ಮ. ಅವನು ಬಿದ್ದ ತಾವ ಒಂದೇ ಒಂದು ಹೊಂಗೆ ನೆಡ್ತೀನಿ" ಎಂದಳು. ಒಂದೇ ಮರವಾದರೂ ಕಾಗೆ ಅದರ ಮೇಲೆ ಕೂತು ಮೊಟ್ಟೆ ಹುಡುಕುತ್ತದೆ ಎಂದು, ಓದಿದ್ದನ್ನು ಹೇಳಿಬಿಟ್ಟೆ. ಅಮ್ಮ ಎದ್ದು ಹೋದಳು. ಪಂಚಾಯ್ತಿಗೂ ಹೋಗಲಿಲ್ಲ.

ನಾಳೆ ಮೊದಲ ಸಸಿ ಅವಳ ಕೈಯಲ್ಲಿರುತ್ತದೆ. ನಾನು ಅವಳಿಗೇ ಅಡ್ಡ ಕೂರಬೇಕು, ಅಕ್ಕ.