ಗೋಮಾಳದ ಬಂಡೆಯ ಮೇಲೆ ಮೂರು ದಿನ

ಬೋರೆಹಳ್ಳಿ, ಹುಲಿಕೆರೆ ಅಂಚೆ
14-2-1998

ಪ್ರೀತಿಯ ತಂಗಿ ಕೋಮಲಳಿಗೆ, ಅಕ್ಕನ ಆಶೀರ್ವಾದ.

ಅರಸೀಕೆರೆಯಿಂದ ನೀನು ಬರೆದ ಎರಡು ಕಾಗದಕ್ಕೂ ಉತ್ತರ ಬರೆಯಲಾಗಲಿಲ್ಲ, ಕೋಪ ಮಾಡಿಕೊಳ್ಳಬೇಡ. ಮಗುವಿಗೆ ಜ್ವರ ಬಿಟ್ಟಿತೇ? ನಾವೆಲ್ಲ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಇಲ್ಲಿ ನಡೆದದ್ದನ್ನು ಬೇರೆಯವರ ಬಾಯಲ್ಲಿ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ನಾವು ದನ ಮೇಯಿಸುವ ಗೋಮಾಳದ ಗುಡ್ಡದಲ್ಲಿ ಕಲ್ಲು ತೆಗೆಯಲು ಯಾರೋ ಕ್ವಾರಿಯವರಿಗೆ ಅನುಮತಿ ಸಿಕ್ಕಿದೆ. ಹೋದ ತಿಂಗಳು ಮೊದಲ ಸಲ ಬಂಡೆ ಸಿಡಿಸಿದಾಗಲೇ ಪಕ್ಕದ ಮನೆ ಮಹದೇವಮ್ಮನ ಗೋಡೆ ಬಿರುಕು ಬಿಟ್ಟಿತು. ಗುಡ್ಡದ ಬುಡದ ಬಾವಿ ನೀರು ಬೂದಿ ಕಲಸಿದ ಹಾಗಾಯಿತು. ಗಂಡಸರು ಅರ್ಜಿ ಕೊಡೋಣ, ಕೊಡೋಣ ಎನ್ನುತ್ತಲೇ ಇದ್ದರು.

ಸೋಮವಾರ ಬೆಳಿಗ್ಗೆ ಬಂಡೆಗೆ ಸಾಲಾಗಿ ಕುಳಿ ಕೊರೆದರು. ನಾವು ಹನ್ನೊಂದು ಜನ ಹೆಂಗಸರು ಹೋಗಿ, ಒಂದೊಂದು ಕುಳಿಯ ಮೇಲೆ ಒಬ್ಬೊಬ್ಬರು ಕೂತುಬಿಟ್ಟೆವು.

ಕ್ವಾರಿ ಮೇಸ್ತ್ರಿ ಹೊನ್ನಯ್ಯ, "ಏಳ್ರಮ್ಮ, ಮದ್ದು ತುಂಬ್ಬೇಕು" ಎಂದ.

ಮಹದೇವಮ್ಮ ಬಾಯೊಳಗಿನ ಎಲೆಅಡಿಕೆ ಉಗಿದು, "ತುಂಬಪ್ಪ, ಯಾರು ಬ್ಯಾಡ ಅಂದ್ರು? ನಾನ್ ಕುಂತಿರಂಗೇ ತುಂಬು" ಎಂದಳು.

ಅವನು ಮದ್ದಿನ ಪೆಟ್ಟಿಗೆಯನ್ನು ನನ್ನ ಕಾಲ ಬಳಿಯೇ ಇಟ್ಟು, ಎದುರಿಗೆ ನಿಂತು ಬೀಡಿ ಹಚ್ಚಿದ. ಎದ್ದು ಓಡಿಬಿಡೋಣ ಅನ್ನಿಸಿದ್ದು ನಿಜ ಕಣೇ. ಮಹದೇವಮ್ಮ ನನ್ನ ಸೆರಗನ್ನು ತನ್ನ ಸೆರಗಿಗೆ ಗಂಟು ಹಾಕಿದಳು. ಅವನು ಬೀಡಿ ಎಸೆದು ಪೆಟ್ಟಿಗೆ ಎತ್ತಿಕೊಂಡು ಹೋದ. ಹೀಗೇ ಮೂರು ದಿನ.

ಗುರುವಾರ ತಹಸೀಲ್ದಾರರು ಬೇಲೂರಿಗೆ ಕರೆಸಿದರು. "ಊರಿನವರೇ ಒಪ್ಪಿ ರುಜು ಮಾಡಿದ್ದಾರಲ್ಲಮ್ಮ" ಎಂದು ಪಟ್ಟಿ ಓದಿ, ಕಾಗದವನ್ನು ನಮ್ಮ ಮುಂದಿಟ್ಟರು.

"ದನ ಮೇಸೋರು ನಾವು, ಸೌದೆ ತರೋರು ನಾವು. ನಮ್ಮುನ್ನ ಯಾರ್ ಕೇಳಿದ್ರು ಸ್ವಾಮಿ?" ಎಂದಳು ಮಹದೇವಮ್ಮ.

ತಹಸೀಲ್ದಾರರು ಇಪ್ಪತ್ನಾಲ್ಕನೇ ತಾರೀಖು ವಿಚಾರಣೆ, ಅಲ್ಲಿಯವರೆಗೆ ಕೆಲಸ ನಿಲ್ಲಲಿ ಎಂದು ಬರೆದುಕೊಟ್ಟರು. ಆ ರುಜುಗಳು ನಿಜವೋ ಮೋಸವೋ ಅಂತ ನಾವು ಅವತ್ತು ಹೇಳಬೇಕು. ಹಿಂದಿರುಗುವ ಬಸ್ಸಿನಲ್ಲಿ ಮಹದೇವಮ್ಮ ತನ್ನ ಬುತ್ತಿಯ ರೊಟ್ಟಿಯಲ್ಲಿ ದೊಡ್ಡ ಚೂರನ್ನು ನನಗೇ ಕೊಟ್ಟಳು.

ಮಗುವನ್ನು ಥಂಡಿಗೆ ಬಿಡಬೇಡ. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಕ್ಕ,
ಕೆಂಪಲಕ್ಷ್ಮಮ್ಮ

ಮರೆತೆ ಎಂದು ಬರೆಯಲಾರೆ, ಬರೆಯಲು ಕೈ ಬರಲಿಲ್ಲ. ಪಟ್ಟಿಯಲ್ಲಿ ಮೂರನೇ ಹೆಸರು ರಂಗಪ್ಪ, ನಿನ್ನ ಭಾವ. ಹೆಂಗಸರೆಲ್ಲ ತಲೆ ತಗ್ಗಿಸಿದರು, ಒಬ್ಬಳೂ ನನ್ನತ್ತ ನೋಡಲಿಲ್ಲ. ಮನೆಗೆ ಬಂದು ಕೇಳಿದರೆ, "ಬೋರ್‌ವೆಲ್ ಅರ್ಜಿ ಅಂದ್ರು ಕಣೇ, ಹಾಕ್ದೆ" ಎಂದರು. ನಂಬಲೋ ಬೇಡವೋ ತಿಳಿಯದು. ಊಟಕ್ಕೆ ಬಡಿಸುತ್ತೇನೆ, ಮಾತಿಲ್ಲ. ವಿಚಾರಣೆಯಲ್ಲಿ ಏನು ಹೇಳಲಿ?

ರುಜು ಅವರದೇ, ನೋಡಿದ ಕೂಡಲೇ ತಿಳಿಯಿತು. ಸಾಕ್ಷರತಾ ಕ್ಲಾಸು ನಡೆಸುವಾಗ ನಾನೇ ಕೈ ಹಿಡಿದು ತಿದ್ದಿಸಿದ್ದು. ರುಜು ಹಾಕಲು ಬಂದ ಮೇಲೆ, ಓದಲು ಕಲಿಯುವ ಮೊದಲೇ, "ಸಾಕು ಬಿಡೇ, ಓದಿ ಏನ್ ಆಗ್ಬೇಕು" ಎಂದು ಕ್ಲಾಸಿಗೆ ಬರುವುದನ್ನೇ ನಿಲ್ಲಿಸಿದರು. ನಾನೂ ಸುಮ್ಮನಾದೆ.