ಗೋಡೆಯ ನೆರಳನ್ನೂ ಲೆಕ್ಕಕ್ಕೆ ಹಾಕು

ಮಗಳೇ,

ನಾವು ತೋಟದಲ್ಲಿ ಅಳೆದು ಕೊಟ್ಟ ಲೆಕ್ಕದಿಂದ ತೆಂಗಿನಮರ ನಿನ್ನ ಕಂಪ್ಯೂಟರಿನಲ್ಲಿ ಬೆಳೆಯುವುದನ್ನು ತೋರಿಸುತ್ತೇನೆ ಎಂದು ನೀನು ಹೇಳಿದ್ದೆ. ತೋರಿಸಲಿಲ್ಲ. ಹೊಸ ಗೋದಾಮಿನ ಗೋಡೆಯ ನೆರಳನ್ನೂ ಅದರೊಳಗೆ ಸೇರಿಸುತ್ತೇನೆ ಎಂದಿದ್ದೆ. ಸೇರಿಸಲಿಲ್ಲ. ಕೇಳಿದರೆ, "ಅಮ್ಮಾ, ಗುಂಪು ಕಟ್ಟಿಕೊಂಡು ಆಫೀಸಿಗೆ ಬರಬೇಡ" ಅಂದೆ.

ಮಳೆ, ಮಣ್ಣು, ಸೆಕೆ ಎಲ್ಲ ನಿನ್ನ ಲೆಕ್ಕದಲ್ಲಿವೆ, ಗೋಡೆ ಮಾತ್ರ ಇಲ್ಲ. ಆ ಲೆಕ್ಕ ನೋಡಿಯೇ ನಿನ್ನ ಸಾಹೇಬರು ಗೋಡೆ ಪಕ್ಕದ ಸಾಲು ಕಾಯಿ ಬಿಡದ ಕೆಟ್ಟ ತಳಿ ಎಂದು ಬರೆದರು. ಸೋಮವಾರ ಗರಗಸ ಬರುತ್ತದೆ.

ಆ ಮರಗಳು ಬಿಸಿಲು ಹುಡುಕಿಕೊಂಡು ಒಂದೇ ಕಡೆ ಬಾಗಿವೆ. ನೆರಳು ಸೇರಿಸಿದರೆ ನಿನ್ನ ಪರದೆಯ ಮರಕ್ಕೂ ಕಾಯಿ ಕಡಿಮೆಯಾಗುತ್ತದೆಯೇ? ಅದೂ ಬಾಗುತ್ತದೆಯೇ? ತಳಿ ಕೆಟ್ಟದ್ದೋ ಗೋಡೆ ಕೆಟ್ಟದ್ದೋ, ನನಗೂ ಗೊತ್ತಿಲ್ಲ. ಗೊತ್ತಾಗುವವರೆಗೆ ನೆಮ್ಮದಿಯಿಲ್ಲ. ನನ್ನದೇ ತಪ್ಪಾದರೆ ನಾನೇ ಗರಗಸಕ್ಕೆ ದಾರಿ ಬಿಡುತ್ತೇನೆ.

ಜೊತೆಗೆ ಅಳೆಯುವವಳು, "ಏನಕ್ಕಾ, ನಿನ್ನ ಮಗಳ ಪೆಟ್ಟಿಗೆಯ ಮರ ಎಳನೀರೂ ಕೊಡುತ್ತಾ?" ಎಂದು ನಗುತ್ತಾಳೆ. ಅವಳೂ ಬರುತ್ತಾಳೆ. ಕಾಲು ತೊಳೆದುಕೊಂಡೇ ಬರುತ್ತೇವೆ, ನೀನು ನಾಚಬೇಡ. ಎರಡು ಕುರ್ಚಿ ಹಾಕಿಸು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಿನ್ನ ಕಂಪ್ಯೂಟರಿನ ಮುಂದೆ ಇರುತ್ತೇವೆ.

ನಿನ್ನ ಅಮ್ಮ,
ಅಳತೆ ಕೆಲಸದ ಹೆಂಗಸರ ಪರವಾಗಿ