ಡಬ್ಬಿಯೊಳಗಿನ ನಾರು

ಅಪ್ಪಾ,

ನನ್ನ ರೇಸ್ ಕಾರನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿ ನನ್ನೊಡನೆ ಮಾತು ಬಿಟ್ಟಿರಿ. ಅದಕ್ಕೇ ಈ ಕಾಗದ.

ತಿರುವುಗಳಲ್ಲಿ ಎಂಜಿನ್ ಆಯಿಲ್ ಗಾಳಿ ಕೊಳವೆಗೆ ನುಗ್ಗಿ ಕಾರು ಹೊಗೆ ಉಗುಳುತ್ತಿತ್ತಲ್ಲ, ಇವತ್ತು ಟ್ರ್ಯಾಕಿನಲ್ಲಿ ಒಂದೆಳೆ ಹೊಗೆಯೂ ಇಲ್ಲ. ಬಾನೆಟ್ ಎತ್ತಿದರೆ, ಕೊಳವೆಯ ನಡುವೆ ಯಾರೋ ಡಬ್ಬಿಯೊಂದನ್ನು ಕೂರಿಸಿದ್ದಾರೆ. ಆಯಿಲೆಲ್ಲ ಅದರಲ್ಲೇ ನಿಂತಿದೆ. ಆಯಿಲ್ ಹಿಡಿಯಲು ಒಳಗೆ ತುರುಕಿರುವುದು, ಅಮ್ಮ ವಾರದಿಂದ ಹುಡುಕುತ್ತಿರುವ ಪಾತ್ರೆ ಉಜ್ಜುವ ಸ್ಟೀಲ್ ನಾರು. “ಇಲಿ ಎಳ್ಕೊಂಡು ಹೋಗಿರ್ಬೇಕು” ಅಂದವರು ನೀವೇ.

ಅಮ್ಮನಿಗೆ ಹೊಸ ನಾರು ತಂದುಕೊಟ್ಟಿದ್ದೇನೆ, ಬೇರೇನೂ ಹೇಳಿಲ್ಲ.

ಭಾನುವಾರ ರೇಸ್. ನಡುನಡುವೆ ಡಬ್ಬಿ ಖಾಲಿ ಮಾಡಲು ಒಬ್ಬರು ಬೇಕು. ಆ ಇಲಿಗೆ ಪುರುಸೊತ್ತಿದ್ದರೆ ಕಳಿಸಿ. ಅದರ ಮಂಡಿನೋವಿಗೆ ಕಾರಿನ ಪಕ್ಕ ಸ್ಟೂಲು ಹಾಕಿಸಿರುತ್ತೇನೆ.

ನಿಮ್ಮ ಹಟವನ್ನೇ ಹೊತ್ತು ಹುಟ್ಟಿದ
ಮಗಳು